ಗುಡ್ಡದಿಂದ ಬಂಡೆ ಉರುಳಿಸಿದ್ದು ಹೀಗೆ

ಚಿತ್ರದುರ್ಗದಲ್ಲಿ ನಾವೊಂದಿಷ್ಟು ಗೆಳೆಯರು ಸೇರಿ ಕಿರುಚಿತ್ರ ಮಾಡುತ್ತೇವೆ. ಕಳೆದ ಚಿತ್ರ ಪಾಳೇಗಾರರ ಕಾಲದ ಕತೆ. ಅದರಲ್ಲಿ ಗುಡ್ಡದ ಮೇಲಿಂದ ಭಾರೀ ಬಂಡೆಯೊಂದು ಉರುಳಿ ಬರಬೇಕಿತ್ತು. ‘ಸಿಜಿಯಲ್ಲಿ ಮಾಡಿಬಿಡೋಣ ಬಿಡಣ್ಣ’ ಎಂದ ಎಡಿಟಿಂಗ್ ಹುಡುಗ. ಸಿಜಿ ಅಂದರೆ ದೃಶ್ಯವನ್ನು ಕಂಪ್ಯೂಟರಿನಲ್ಲೇ ಸೃಷ್ಟಿಸುವುದು. ನಾನು ಒಪ್ಪಲಿಲ್ಲ. ಈಗಿನ ದೊಡ್ಡ ಸಿನಿಮಾಗಳಲ್ಲಿ ಬೆಟ್ಟವೇ ಕುಸಿದರೂ ನನ್ನ ಎದೆ ನಡುಗುವುದಿಲ್ಲ. ಬೀಳುವ ವಸ್ತುವಿಗೆ ತೂಕವೇ ಇರುವುದಿಲ್ಲ. ಬಂಡೆಗಳ ನಡುವೆ ಬೆಳೆದ ದುರ್ಗದವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಅಲ್ವಾ?

ಕೋಟೆ ಪುರಾತತ್ವ ಇಲಾಖೆಯದು, ಅಲ್ಲಿ ಕಲ್ಲು ಉರುಳಿಸುವ ಮಾತೇ ಇಲ್ಲ. ಹಾಗಾಗಿ ಗೆಳೆಯನ ಹೊಲದ ಇಳಿಜಾರಿನಲ್ಲಿ ಗುಡ್ಡವನ್ನು ನಾಲ್ಕನೇ ಒಂದು ಅಳತೆಯಲ್ಲಿ ಕಟ್ಟಿದೆವು. ಉರುಳುವುದು ನಿಜವಾದ ಕಲ್ಲೇ. ಥರ್ಮೋಕೋಲ್ ಆದರೆ ಸುಮ್ನೆ ಪುಟಿಯುತ್ತದೆ, ನೆಲ ಅದುರುವುದಿಲ್ಲ. ಗಿಡಗಳಿಗೆ ಜಾಲಿ ಟೊಂಗೆ ನೆಟ್ಟೆವು. ಅದರ ಎಲೆ ತೀರಾ ಸಣ್ಣದು. ದೊಡ್ಡ ಎಲೆ ಒಂದು ಕಂಡರೂ ಗುಟ್ಟು ರಟ್ಟಾಗುತ್ತದೆ. ಮಣ್ಣನ್ನು ಜರಡಿ ಹಿಡಿದು, ಹಿಟ್ಟಿನಷ್ಟು ನುಣ್ಣಗೆ ಮಾಡಿ ಹರಡಿದೆವು.

ಮುಖ್ಯವಾದದ್ದು ವೇಗ. ಸಣ್ಣ ಗುಡ್ಡದಿಂದ ಕಲ್ಲು ಬೇಗ ಕೆಳಗೆ ಬಂದುಬಿಡುತ್ತದೆ, ಹಾಗಾಗಿ ಹಗುರ ಕಾಣುತ್ತದೆ. ಸೆಕೆಂಡಿಗೆ ಹೆಚ್ಚು ಫ್ರೇಮ್, ಅಂದರೆ ಹೆಚ್ಚು ಚಿತ್ರ ತೆಗೆದು ಮಾಮೂಲಿ ವೇಗದಲ್ಲಿ ಓಡಿಸಿದರೆ ಕಲ್ಲು ನಿಧಾನಕ್ಕೆ, ಭಾರವಾಗಿ ಇಳಿಯುತ್ತದೆ. ಇದಕ್ಕೊಂದು ಲೆಕ್ಕವಿದೆ. ಅಳತೆ ನಾಲ್ಕನೇ ಒಂದಾದರೆ ಫ್ರೇಮ್ ಎರಡು ಪಟ್ಟು, ಹದಿನಾರನೇ ಒಂದಾದರೆ ನಾಲ್ಕು ಪಟ್ಟು. ಅಂದರೆ ಸೆಕೆಂಡಿಗೆ 24ರ ಬದಲು ನಮಗೆ 48 ಬೇಕಿತ್ತು. ಕ್ಯಾಮೆರಾದಲ್ಲಿ 50 ಇತ್ತು, ಅದೇ ಸಾಕಾಯಿತು. ಕ್ಯಾಮೆರಾವನ್ನು ನೆಲಕ್ಕೆ ಒತ್ತಿ ಇಟ್ಟು, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 11ಕ್ಕೆ ಕಿರಿದು ಮಾಡಿದೆ, ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿ ಕಾಣಲಿ ಅಂತ. ಹಿಂದಿನದು ಮಸುಕಾದರೆ ಆಟದ ಸಾಮಾನಿನಂತೆ ಕಾಣುತ್ತದೆ. ನಟರ ಶಾಟ್ ತೆಗೆದದ್ದು ಇಳಿ ಬಿಸಿಲಲ್ಲಿ, ಇದನ್ನೂ ಅದೇ ಹೊತ್ತಿಗೆ ತೆಗೆದೆವು. ಕಲ್ಲಿನ ಹಿಂದೆ ಧೂಳು ಎದ್ದು ಬಿಸಿಲಿಗೆ ಹೊಳೆಯಿತು ನೋಡಿ, ಎಲ್ಲರೂ ಕೂಗಿಕೊಂಡೆವು!

ಕಂಪ್ಯೂಟರ್ ಬೇಡವೇ ಬೇಡ ಅಂತಲ್ಲ. ನಟರ ಹಿಂದಿನ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಕಾಣುತ್ತಿದ್ದವು. ಅವನ್ನು ಅಳಿಸಿದ್ದು ಅದೇ ಹುಡುಗ, ಬಲು ಚೆನ್ನಾಗಿ ಅಳಿಸಿದ. 1993ರ ‘ಜುರಾಸಿಕ್ ಪಾರ್ಕ್’ ಎರಡು ಗಂಟೆಗೂ ಜಾಸ್ತಿ ಇದೆ. ಅದರಲ್ಲಿ ಕಂಪ್ಯೂಟರಿನ ಡೈನೋಸಾರ್ ಇರುವುದು ಹತ್ತು ನಿಮಿಷಕ್ಕೂ ಕಡಿಮೆ. ಉಳಿದ ಕಡೆ ಸ್ಟ್ಯಾನ್ ವಿನ್‌ಸ್ಟನ್ ತಂಡ ಕಟ್ಟಿದ ಯಂತ್ರದ ಪ್ರಾಣಿಗಳು. ಇವತ್ತಿಗೂ ಅದು ಹಳತಾಗಿಲ್ಲ.

ಮುಂದಿನ ಚಿತ್ರದಲ್ಲಿ ಕೆರೆ ಏರಿ ಒಡೆಯುತ್ತದೆ. ನೀರು ಕಷ್ಟದ್ದು. ಗುಡ್ಡವನ್ನು ಚಿಕ್ಕದು ಮಾಡಬಹುದು, ಹನಿಯನ್ನು ಆಗುವುದಿಲ್ಲ. ಅರ್ಧ ಅಳತೆಗಾದರೂ ಏರಿ ಕಟ್ಟಬೇಕು. ಹಿರಿಯೂರು ಕಡೆ ಜಾಗ ಹುಡುಕುತ್ತಿದ್ದೇವೆ.