ಗಿರ್ಮಿಟ್, ಮಿರ್ಚಿ ಮತ್ತು ತುಷ್ಟಿಗುಣ: ಪಾಠ ಹೇಳಿದ ನನ್ನ ಅನುಭವ

ಬಾಗಲಕೋಟೆಯಲ್ಲಿ ಅರ್ಥಶಾಸ್ತ್ರ ಬೋಧಿಸುವ ನನಗೆ ಅನುಭೋಗಿಯ, ಅಂದರೆ ಕೊಂಡು ಬಳಸುವವರ, ವರ್ತನೆಯ ಅಧ್ಯಾಯ ಅತ್ಯಂತ ಪ್ರಿಯವಾದದ್ದು. ವಿದ್ಯಾರ್ಥಿಗಳು ಸಂಜೆ ತಮ್ಮದೇ ದುಡ್ಡು ಕೊಟ್ಟು ತಿನ್ನುವ ಗಿರ್ಮಿಟ್ ಮತ್ತು ಮಿರ್ಚಿ ಭಜಿಯಿಂದಲೇ ನಾನು ಆ ಪಾಠವನ್ನು ಆರಂಭಿಸುತ್ತೇನೆ. ಗಿರ್ಮಿಟ್ ಪ್ಲೇಟಿಗೆ 20 ರೂಪಾಯಿ, ಮಿರ್ಚಿ ಒಂದಕ್ಕೆ 10 ರೂಪಾಯಿ, ಕಿಸೆಯಲ್ಲಿರುವುದು 70 ರೂಪಾಯಿ ಎಂದು ಹಲಗೆಯ ಮೇಲೆ ಬರೆದು, ಪ್ರತಿ ಪ್ಲೇಟಿನಿಂದಲೂ ಪ್ರತಿ ಮಿರ್ಚಿಯಿಂದಲೂ ಎಷ್ಟು ತೃಪ್ತಿ, ಅಂದರೆ ತುಷ್ಟಿಗುಣ, ಸಿಗುತ್ತದೆ ಎಂಬುದಕ್ಕೆ ಅಂಕ ಕೊಡಲು ಹೇಳುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೊಟ್ಟ ಅಂಕಗಳು ಎಷ್ಟು ಚೊಕ್ಕವಾಗಿದ್ದವೆಂದರೆ ಈಗಲೂ ಅವನ್ನೇ ಬಳಸುತ್ತೇನೆ: ಗಿರ್ಮಿಟ್ಟಿಗೆ ಕ್ರಮವಾಗಿ 40, 20, 6; ಮಿರ್ಚಿಗೆ 24, 16, 10, 4, ಐದನೆಯದಕ್ಕೆ ಸೊನ್ನೆ. ಇನ್ನೊಂದು ತಿಂದಾಗ ಸಿಗುವ ಹೆಚ್ಚುವರಿ ತೃಪ್ತಿಯೇ ಸೀಮಾಂತ ತುಷ್ಟಿಗುಣ; ತಿಂದಂತೆ ಆ ಅಂಕ ಇಳಿಯುವುದೇ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಆದರೆ ಆಯ್ಕೆಯನ್ನು ನಿರ್ಧರಿಸುವುದು ಅಂಕವೊಂದೇ ಅಲ್ಲ, ಪ್ರತಿ ರೂಪಾಯಿಗೆ ದೊರೆಯುವ ಅಂಕ. ಎರಡು ಪ್ಲೇಟ್ ಗಿರ್ಮಿಟ್, ಮೂರು ಮಿರ್ಚಿ ಕೊಂಡಾಗ ದುಡ್ಡು ಸರಿಹೋಗುತ್ತದೆ. ಕೊನೆಯ ಪ್ಲೇಟಿನಿಂದಲೂ ಕೊನೆಯ ಮಿರ್ಚಿಯಿಂದಲೂ ರೂಪಾಯಿಗೆ ಒಂದೊಂದೇ ಅಂಕ ಸಿಗುತ್ತದೆ. ಒಟ್ಟು 110. ಒಂದು ಪ್ಲೇಟ್ ಮತ್ತು ಐದು ಮಿರ್ಚಿಗೆ 94, ಮೂರು ಪ್ಲೇಟ್ ಮತ್ತು ಒಂದು ಮಿರ್ಚಿಗೆ 90. ಜರ್ಮನಿಯ ಗಾಸೆನ್ 1854ರಲ್ಲೇ ಈ ತತ್ವವನ್ನು ಬರೆದಿದ್ದರೂ, ಅದಕ್ಕೆ ಮನ್ನಣೆ ಸಿಕ್ಕದ್ದು 1870ರ ದಶಕದಲ್ಲಿ ಅರ್ಥಶಾಸ್ತ್ರಜ್ಞರಾದ ಜೆವೊನ್ಸ್, ಮೆಂಗರ್ ಮತ್ತು ವಾಲ್ರಾ ತಮ್ಮ ತಮ್ಮ ದಾರಿಯಲ್ಲಿ ಸೀಮಾಂತ ವಿಚಾರಕ್ಕೆ ಬಂದ ಮೇಲೆ.

ಗಿರ್ಮಿಟ್ಟಿನ ಬೆಲೆಯನ್ನು 30 ರೂಪಾಯಿಗೆ ಏರಿಸಿದರೆ ಅದೇ ಅಂಕಗಳಿಂದ ಒಂದು ಪ್ಲೇಟ್, ನಾಲ್ಕು ಮಿರ್ಚಿ ಎಂಬ ಆಯ್ಕೆ ಬರುತ್ತದೆ. ಬೇಡಿಕೆಯ ರೇಖೆ ಏಕೆ ಕೆಳಮುಖವಾಗಿರುತ್ತದೆ, ಅಂದರೆ ಬೆಲೆ ಏರಿದರೆ ಕೊಳ್ಳುವುದು ಏಕೆ ಕಡಿಮೆಯಾಗುತ್ತದೆ ಎಂಬುದನ್ನು ಮಕ್ಕಳು ಬಾಯಿಪಾಠ ಮಾಡದೆ ತಾವೇ ಲೆಕ್ಕ ಹಾಕಿ ಕಾಣುವ ಆ ಗಳಿಗೆ ನನಗೆ ಬಹಳ ಸಂತೋಷ ಕೊಡುತ್ತದೆ.

ಇಷ್ಟಾದ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಈ ನಲವತ್ತು, ಇಪ್ಪತ್ತು ಅಂಕಾ ಯಾವ ತಕ್ಕಡ್ಯಾಗ ತೂಗಿದ್ರಿ?" ಪಾಠದ ತಿರುಳಿರುವುದೇ ಈ ಪ್ರಶ್ನೆಯಲ್ಲಿ. ಉತ್ತರ ಹೇಳುವ ಬದಲು ಮೂರೂ ಒಟ್ಟು ಅಂಕಗಳನ್ನು ವರ್ಗ ಮಾಡಿಸುತ್ತೇನೆ. 110 ಹೋಗಿ 12,100 ಆಗುತ್ತದೆ, 94 ಹೋಗಿ 8,836, 90 ಹೋಗಿ 8,100. ಅಂಕಗಳ ನಡುವಿನ ಅಂತರ ಗುರುತು ಸಿಗದಷ್ಟು ಬದಲಾದರೂ ಮೊದಲನೆಯದು ಮೊದಲನೆಯದಾಗಿಯೇ ಉಳಿಯುತ್ತದೆ, ಕೊಳ್ಳುವವಳ ಆಯ್ಕೆ ಕದಲುವುದಿಲ್ಲ. ಹಾಗಾದರೆ ಆಯ್ಕೆಯನ್ನು ವಿವರಿಸಲು ತೃಪ್ತಿಯ ಅಳತೆ ಬೇಕಿಲ್ಲ, ಯಾವುದು ಹೆಚ್ಚು ಇಷ್ಟ, ಯಾವುದು ಕಡಿಮೆ ಎಂಬ ಕ್ರಮವಷ್ಟೇ ಸಾಕು. ಹಿಕ್ಸ್ ಮತ್ತು ಅಲೆನ್ 1934ರಲ್ಲಿ ಬೇಡಿಕೆಯ ಸಿದ್ಧಾಂತವನ್ನು ಈ ಕ್ರಮದ ಮೇಲೆಯೇ ಮರಳಿ ಕಟ್ಟಿದರು. 1938ರಲ್ಲಿ ಸ್ಯಾಮ್ಯುಯೆಲ್‌ಸನ್ ಇನ್ನೂ ಮುಂದೆ ಹೋಗಿ, ಮನಸ್ಸಿನೊಳಗೆ ಇಣುಕದೆ, ಜನ ಯಾವ ಬೆಲೆಗೆ ಏನನ್ನು ಕೊಂಡರು ಎಂಬುದರಿಂದಲೇ ಆರಂಭಿಸಿದರು. ಸಮಾನ ತೃಪ್ತಿ ಕೊಡುವ ಜೋಡಿಗಳನ್ನು ಸೇರಿಸುವ ಔದಾಸೀನ್ಯ ರೇಖೆಯ ಚಿತ್ರವನ್ನು ನಾನು ಇದಾದ ನಂತರವೇ ಬರೆಯುತ್ತೇನೆ. ಮೊದಲೇ ಬರೆದರೆ ಅದು ಬರೀ ಗೆರೆಯಾಗಿ ಕಾಣುತ್ತದೆ.

ಅಷ್ಟು ಉಪಯೋಗದ ನೀರು ಅಗ್ಗ, ಅಷ್ಟೇನೂ ಉಪಯೋಗವಿಲ್ಲದ ವಜ್ರ ದುಬಾರಿ ಏಕೆ ಎಂಬ ಒಗಟನ್ನು ಆಡಮ್ ಸ್ಮಿತ್ 1776ರಲ್ಲಿ ಎತ್ತಿದ್ದರು. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾದವರ ಮನೆಯಿಂದ ಬಂದ ಮಕ್ಕಳಿಗೆ, ಒಟ್ಟು ಉಪಯೋಗ ಬೇರೆ, ಇನ್ನೊಂದು ಕೊಡ ನೀರಿನ ಬೆಲೆ ಬೇರೆ ಎಂದು ಬಿಡಿಸಿ ಹೇಳುವ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ನಾನು ಎಂದೂ ಬಿಡುವುದಿಲ್ಲ. ಒಬ್ಬಳ 110ನ್ನು ಇನ್ನೊಬ್ಬನ 90ರ ಪಕ್ಕದಲ್ಲಿಟ್ಟು ಇವಳಿಗೇ ಹೆಚ್ಚು ತೃಪ್ತಿ ಎನ್ನುವ ಹಾಗಿಲ್ಲ. ಅರ್ಥಶಾಸ್ತ್ರಜ್ಞ ರಾಬಿನ್ಸ್ 1932ರಲ್ಲಿ ಒತ್ತಿ ಹೇಳಿದ್ದೂ ಇದನ್ನೇ. ಪಡಿತರ ಯಾರಿಗೆ ಮೊದಲು ಸಿಗಬೇಕು ಎಂದು ತರಗತಿಯಲ್ಲಿ ಚರ್ಚೆ ಎದ್ದಾಗ, ಆ ತೀರ್ಮಾನವನ್ನು ಈ ಕೋಷ್ಟಕದಿಂದ ಎಳೆಯಲು ನಾನು ಬಿಡುವುದಿಲ್ಲ. ಹಸಿವು, ಆದಾಯ ಮತ್ತು ನ್ಯಾಯದ ಮಾತನ್ನು ಅಲ್ಲಿ ಬೇರೆಯಾಗಿಯೇ ಆಡಬೇಕಾಗುತ್ತದೆ.