ಬೇಳೆ ಮಿಲ್ಲಿನ ಶಾಫ್ಟಿಗೆ ಬೇರಿಂಗ್ ಕಾಯಿಸಿ ಕೂರಿಸುವ ಬಗೆ: ನನ್ನ ಅನುಭವ

ಕಲಬುರಗಿಯ ತೊಗರಿ ಬೇಳೆ ಮಿಲ್ಲುಗಳಲ್ಲಿ 60 ಮಿ.ಮೀ. ಶಾಫ್ಟಿಗೆ (ತಿರುಗುವ ದಂಡಕ್ಕೆ) ಅದೇ ಅಳತೆಯ ತೂತಿನ 6212 ನಂಬರಿನ ಬೇರಿಂಗ್ ಹಾಕುವಾಗ ನಾನು ಸುತ್ತಿಗೆ ಎತ್ತುವುದಿಲ್ಲ. ಬೇರಿಂಗ್ ಕಾಯಿಸಿದರೆ ಅದರ ತೂತು ಹಿಗ್ಗಿ ಸಲೀಸಾಗಿ ಜಾರುತ್ತದೆ, ಆರಿದ ಮೇಲೆ ಶಾಫ್ಟನ್ನು ಕಚ್ಚಿಕೊಳ್ಳುತ್ತದೆ. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ 0.012 ಮಿ.ಮೀ. ಹಿಗ್ಗುತ್ತದೆ. ಈ ಅಂಕಿಯೊಂದು ನೆನಪಿದ್ದರೆ ಉಳಿದದ್ದೆಲ್ಲ ಗುಣಾಕಾರ. 35 ಡಿಗ್ರಿಯಿಂದ 110ಕ್ಕೆ ಕಾಯಿಸಿದಾಗ 60 ಮಿ.ಮೀ. ತೂತು 0.054 ಮಿ.ಮೀ. ದೊಡ್ಡದಾಗುತ್ತದೆ. ಬಿಗಿ, ಅಂದರೆ ತೂತಿಗಿಂತ ಶಾಫ್ಟ್ ದಪ್ಪ ಇರಬೇಕಾದದ್ದು, 0.02ರಿಂದ 0.03 ಮಿ.ಮೀ. ಅಂದರೆ ಕೂರಿಸುವ ಹೊತ್ತಿಗೆ ಕೈಗೆ ಸಾಕಷ್ಟು ಸಡಿಲ ಸಿಗುತ್ತದೆ.

ನಮ್ಮ ಕಡೆ ಕೆಲಸ ಕೆಡುವುದು ಹೆಚ್ಚಾಗಿ ಕಾಯಿಸುವ ಮೊದಲೇ, ಅಳತೆಯಲ್ಲಿ. ಮೇ ತಿಂಗಳಲ್ಲಿ ಅಂಗಳದ ಬಿಸಿಲಿಗೆ ಬಿದ್ದ ಶಾಫ್ಟ್ 60 ಡಿಗ್ರಿ ಮುಟ್ಟಿರುತ್ತದೆ. ದಪ್ಪ ಅಳೆಯುವ ಮೈಕ್ರೋಮೀಟರ್ ಮತ್ತು ಬೇರಿಂಗ್ ಎರಡೂ ಕೋಣೆಯೊಳಗೆ ಫ್ಯಾನಿನ ಕೆಳಗೆ, ಸುಮಾರು 30ರಲ್ಲಿ. ಆ 30 ಡಿಗ್ರಿ ವ್ಯತ್ಯಾಸಕ್ಕೇ ಶಾಫ್ಟ್ 0.02 ಮಿ.ಮೀ. ದಪ್ಪ ತೋರಿಸುತ್ತದೆ. ‘ಬಹಳ ಬಿಗಿ ಇದೆ’ ಎಂದು ಎಮರಿ ಪೇಪರ್ ಹಿಡಿದು ತಿಕ್ಕಿದರೆ ಮುಗಿಯಿತು. ಶಾಫ್ಟ್ ಆರಿದಾಗ ಬಿಗಿ ಪೂರ್ತಿ ಹೋಗಿ, ಬೇರಿಂಗಿನ ಒಳ ಉಂಗುರ ಶಾಫ್ಟಿನ ಮೇಲೆಯೇ ತಿರುಗಿ ಅದನ್ನು ತಿನ್ನುತ್ತದೆ. ಶಾಫ್ಟ್, ಬೇರಿಂಗ್, ಮೈಕ್ರೋಮೀಟರ್ ಮೂರನ್ನೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿ ಇಟ್ಟು, ಬೆಳಿಗ್ಗೆ ಶಾಫ್ಟನ್ನು ಮೂರು ಜಾಗದಲ್ಲಿ ಅಳೆಯಿರಿ.

ಕರೆಂಟಿನಿಂದ ಬೇರಿಂಗ್ ಕಾಯಿಸುವ ಇಂಡಕ್ಷನ್ ಹೀಟರ್ ಇದ್ದರೆ ಉತ್ತಮ. ಇಲ್ಲದಿದ್ದರೆ ಎಣ್ಣೆಯ ಪಾತ್ರೆ ಸಾಕು. ಹತ್ತು ಲೀಟರ್ ಶುದ್ಧ ಎಣ್ಣೆ, ತಳದಿಂದ ಎರಡು ಇಂಚು ಮೇಲೆ ಜಾಲರಿ, ಅದರ ಮೇಲೆ ಬೇರಿಂಗ್. ತಳಕ್ಕೆ ತಾಗಿದರೆ ಆ ಜಾಗ ಮಾತ್ರ ವಿಪರೀತ ಕಾಯುತ್ತದೆ. ಪಾತ್ರೆ ಕಂಠದವರೆಗೆ ತುಂಬಬೇಡಿ: ಉಕ್ಕಿಗಿಂತ ಎಣ್ಣೆ ಎಷ್ಟೋ ಪಟ್ಟು ಹೆಚ್ಚು ಹಿಗ್ಗುತ್ತದೆ, 75 ಡಿಗ್ರಿ ಏರಿದರೆ ಹತ್ತು ಲೀಟರ್ ಹತ್ತೂವರೆ ಆಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಎಣ್ಣೆಯ ತಳದಲ್ಲಿ ಸೇರಿದ ನೀರು. ನೀರು ಆವಿಯಾದಾಗ ಸುಮಾರು 1,700 ಪಟ್ಟು ಜಾಗ ಕೇಳುತ್ತದೆ. ಒಂದು ಚಮಚ ನೀರು ಕಾದ ಎಣ್ಣೆಯನ್ನು ಮೈಮೇಲೆ ಎರಚಬಲ್ಲದು. 100 ಡಿಗ್ರಿ ಹತ್ತಿರ ಚಟಚಟ ಸದ್ದು ಕೇಳಿದರೆ ಉರಿ ಆರಿಸಿ ದೂರ ಸರಿಯಿರಿ. ಒಣ ಮರಳಿನ ಬಕೆಟ್ ಪಕ್ಕದಲ್ಲೇ ಇರಲಿ.

110ಕ್ಕೆ ನಿಲ್ಲಿಸಿ, 120 ದಾಟಿಸಬೇಡಿ. ಗ್ಯಾಸ್ ಟಾರ್ಚನ್ನು ನೇರ ಹಿಡಿದು ನೀಲಿ ಬಣ್ಣ ಬಂದ ಉಂಗುರ ಮೆತ್ತಗಾಗಿರುತ್ತದೆ, ಎಸೆಯಬೇಕು. ಎರಡೂ ಬದಿ ರಬ್ಬರ್ ಸೀಲ್ ಇರುವ ಬೇರಿಂಗನ್ನು ಎಣ್ಣೆಗೆ ಇಳಿಸಲೇಬಾರದು, 80 ಡಿಗ್ರಿ ಮೀರಿ ಕಾಯಿಸಲೂ ಬಾರದು.

ತೆಗೆದ ಮೇಲೆ ಸಮಯ ಬಹಳ ಇಲ್ಲ. ಚರ್ಮದ ಕೈಗವಸು ಹಾಕಿ, ಒಂದೇ ದಮ್ಮಿನಲ್ಲಿ ನೇರವಾಗಿ ಶಾಫ್ಟಿನ ಭುಜದವರೆಗೆ (ದಪ್ಪ ಹೆಚ್ಚಾಗುವ ಮೆಟ್ಟಿಲಿನವರೆಗೆ) ತಳ್ಳಿ, ಕಚ್ಚುವವರೆಗೆ ಒತ್ತಿ ಹಿಡಿಯಿರಿ. ಬೇರಿಂಗ್ ಅಗಲದಲ್ಲೂ ಕುಗ್ಗುತ್ತದೆ, ಕೈ ಬಿಟ್ಟರೆ ಭುಜದ ಬಳಿ ಸಂದು ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಲಾಕ್‌ನಟ್ ಬಿಗಿದು, ಭುಜದ ಸಂದಿಗೆ 0.03 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ, ತೂರಬಾರದು. ತಳ್ಳುವಾಗ ಅರ್ಧದಲ್ಲಿ ಸಿಕ್ಕಿಕೊಂಡರೆ ಪುಲ್ಲರ್ ಹಾಕಿ ಎಳೆದು ಮತ್ತೆ ಕಾಯಿಸಿ. ಹೊರ ಉಂಗುರಕ್ಕೆ ಹೊಡೆದರೆ ಗುಂಡುಗಳು ತಾವು ಉರುಳುವ ಹಾದಿಯಲ್ಲಿ ಕುಳಿ ಬೀಳಿಸುತ್ತವೆ, ಒಂದೆರಡು ತಿಂಗಳಲ್ಲಿ ಗರಗರ ಶುರು.

ಶಾಫ್ಟಿನ ಉದ್ದವೂ ಹಿಗ್ಗುತ್ತದೆ. 1200 ಮಿ.ಮೀ. ಶಾಫ್ಟ್ 30 ಡಿಗ್ರಿ ಕಾದರೆ 0.43 ಮಿ.ಮೀ. ಉದ್ದವಾಗುತ್ತದೆ. ಆದ್ದರಿಂದ ಬೇರಿಂಗ್ ಕೂರುವ ಎರಡು ಪ್ಲಮ್ಮರ್ ಬ್ಲಾಕ್‌ಗಳಲ್ಲಿ ಪುಲ್ಲಿ ಕಡೆಯದಕ್ಕೆ ಮಾತ್ರ ಬೇರಿಂಗ್ ಜಾರದಂತೆ ಹಿಡಿಯುವ ಲೊಕೇಟಿಂಗ್ ರಿಂಗ್ ಹಾಕುತ್ತೇನೆ, ಇನ್ನೊಂದು ತುದಿ ಜಾರಲು ಬಿಡುತ್ತೇನೆ. ಎರಡೂ ಕಡೆ ರಿಂಗ್ ಕಟ್ಟಿದರೆ ಶಾಫ್ಟ್ ಹೋಗಲು ದಾರಿಯಿಲ್ಲದೆ ಬೇರಿಂಗನ್ನೇ ಅಡ್ಡಕ್ಕೆ ಒತ್ತುತ್ತದೆ. ಬ್ಲಾಕ್ ಮುಟ್ಟಿದರೆ ಸುಡುತ್ತದೆ, ಜನ ಗ್ರೀಸ್ ಮೇಲೆ ಗ್ರೀಸ್ ತುಂಬುತ್ತಾರೆ, ಬಿಸಿ ಇನ್ನೂ ಏರುತ್ತದೆ.

ಗೇರ್‌ಬಾಕ್ಸಿನ ಸೀಲಿನಿಂದ ಎಣ್ಣೆ ಸೋರುವುದಕ್ಕೂ ಹಿಗ್ಗುವಿಕೆಯೇ ಕಾರಣ ಇರಬಹುದು. 30 ಡಿಗ್ರಿಯ ಗೇರ್‌ಬಾಕ್ಸ್ 80ಕ್ಕೆ ಏರಿದಾಗ ಒಳಗಿನ ಗಾಳಿ ಆರರಲ್ಲಿ ಒಂದು ಪಾಲು ಹೆಚ್ಚು ಜಾಗ ಬೇಡುತ್ತದೆ. ಅದು ಹೊರಹೋಗಲು ಮೇಲೆ ಬ್ರೀದರ್ ಇದೆ; ತೊಗರಿ ಹೊಟ್ಟಿನ ಧೂಳು ಎಣ್ಣೆಗೆ ಅಂಟಿ ಅದರ ತೂತು ಮುಚ್ಚಿರುತ್ತದೆ. ಒತ್ತಡ ಸೀಲಿನ ತುಟಿಯಿಂದ ಎಣ್ಣೆ ಹೊರದೂಡುತ್ತದೆ. ರಾತ್ರಿ ಮಿಲ್ ನಿಂತು ಆರಿದಾಗ ಅದೇ ತುಟಿಯಿಂದ ಧೂಳಿನ ಗಾಳಿ ಒಳಕ್ಕೆ ಎಳೆಯುತ್ತದೆ. ಸೀಲ್ ತರಿಸುವ ಮುನ್ನ ಬ್ರೀದರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹಾಯುವುದನ್ನು ನೋಡಿ ಹಾಕಿ. ಎಣ್ಣೆಯ ಮಟ್ಟವನ್ನು ಬೆಳಿಗ್ಗೆ, ಮಷೀನ್ ತಣ್ಣಗಿರುವಾಗಲೇ ನೋಡಿ.