ಸಿಒಪಿಡಿ ರೋಗಿಯ ಎಬಿಜಿ: ನಾನು ನೋಡುವ ಕ್ರಮ

ಹಳೆಯ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ರೋಗಿ ಮಂಪರಿನಲ್ಲಿದ್ದು, ಅಂಗೈ ಬಿಸಿಯಾಗಿದ್ದು, ಕೈ ಚಾಚಿಸಿದರೆ ಮಣಿಕಟ್ಟು ತಡೆತಡೆದು ಬೀಳುತ್ತಿದ್ದರೆ, ಆಕ್ಸಿಮೀಟರ್ 97 ತೋರಿಸಿದರೂ ನಾನು ಎಬಿಜಿ, ಅಂದರೆ ಅಪಧಮನಿಯ ರಕ್ತದಲ್ಲಿನ ಅನಿಲಗಳ ಪರೀಕ್ಷೆಗೆ, ಕಳಿಸುತ್ತೇನೆ. ಆಕ್ಸಿಜನ್ ಹಚ್ಚಿದವರಲ್ಲಿ ಆ ಸಂಖ್ಯೆ ಚೆನ್ನಾಗಿಯೇ ಇರುತ್ತದೆ. ಇಂಗಾಲದ ಡೈಆಕ್ಸೈಡ್ ಎಷ್ಟು ಕೂತಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಶ್ವಾಸಕೋಶದಿಂದ ಆಚೆ ಹೋಗದ ಈ ಅನಿಲ ರಕ್ತದ ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ, ಪಿಎಚ್ ಇಳಿಯುತ್ತದೆ.

ಸ್ಯಾಂಪಲ್ ಕೆಟ್ಟರೆ ಮುಂದಿನದೆಲ್ಲ ಕೆಟ್ಟಂತೆ. ಒಣ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಇರುವ ಸಿರಿಂಜ್ ಸಿಕ್ಕರೆ ಒಳ್ಳೆಯದು. ದ್ರವ ಹೆಪಾರಿನ್ ಉಳಿದುಬಿಟ್ಟರೆ ಡೈಆಕ್ಸೈಡ್, ಬೈಕಾರ್ಬನೇಟ್ (ಆಮ್ಲವನ್ನು ಸರಿದೂಗಿಸುವ ರಕ್ತದ ಕ್ಷಾರ) ಎರಡೂ ಸುಳ್ಳಾಗಿ ಕಡಿಮೆ ಬರುತ್ತವೆ. ಗಾಳಿಗುಳ್ಳೆಯನ್ನು ಕೂಡಲೇ ಹೊರಹಾಕಿ, 30 ನಿಮಿಷದೊಳಗೆ ಯಂತ್ರಕ್ಕೆ ಕೊಡಬೇಕು. ಚುಚ್ಚಿದ ಜಾಗವನ್ನು 5 ನಿಮಿಷ ಒತ್ತಿ ಹಿಡಿಯಬೇಕು. ಆಗ ಎಷ್ಟು ಆಕ್ಸಿಜನ್ ಹೋಗುತ್ತಿತ್ತೆಂದು ಚೀಟಿಯಲ್ಲಿ ಬರೆಯದಿದ್ದರೆ ರಿಪೋರ್ಟ್ ಅರ್ಧಂಬರ್ಧ.

ಮೊದಲು ಪಿಎಚ್: ಸಹಜವಾಗಿ 7.35ರಿಂದ 7.45. ಆಮೇಲೆ ಡೈಆಕ್ಸೈಡ್: 35ರಿಂದ 45 ಮಿ.ಮೀ. ಪಾದರಸ. ಕೊನೆಗೆ ಬೈಕಾರ್ಬನೇಟ್, ಏಕೆಂದರೆ ಇದು ಎಷ್ಟು ದಿನದ ಕಾಯಿಲೆ ಎಂದು ಹೇಳುವುದು ಅದೇ. ಡೈಆಕ್ಸೈಡ್ 40ರಿಂದ ಪ್ರತಿ 10 ಏರಿದಾಗ, ಹೊಸದಾಗಿ ಏರಿದ್ದರೆ ಬೈಕಾರ್ಬನೇಟ್ ಸುಮಾರು 1 ಹೆಚ್ಚುತ್ತದೆ. ಬೈಕಾರ್ಬನೇಟನ್ನು ಉಳಿಸಿಕೊಳ್ಳಲು ಮೂತ್ರಪಿಂಡಕ್ಕೆ 3ರಿಂದ 5 ದಿನ ಸಿಕ್ಕಿದ್ದರೆ ಸುಮಾರು 4. ಹಾಗಾಗಿ ಡೈಆಕ್ಸೈಡ್ 60 ಇದ್ದು ಪಿಎಚ್ 7.35ರ ಹತ್ತಿರ, ಬೈಕಾರ್ಬನೇಟ್ 32 ಇದ್ದವರು ಅದಕ್ಕೆ ಒಗ್ಗಿಕೊಂಡವರು. ಇದೇ ಕ್ರಮದಲ್ಲಿ 75, 7.25, 32 ಬಂದರೆ ಹಳೆಯದರ ಮೇಲೆ ಹೊಸದು ಸೇರಿದೆ. ಸೋಂಕನ್ನೋ ನಿದ್ದೆ ಮಾತ್ರೆಯನ್ನೋ ಹುಡುಕಬೇಕು.

ಬೆಂಗಳೂರಿಗೆ ಇನ್ನೊಂದು ಲೆಕ್ಕವಿದೆ. ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ವಾಯುಒತ್ತಡ 760 ಅಲ್ಲ, 685ರ ಆಸುಪಾಸು. ಶ್ವಾಸಕೋಶದೊಳಗೆ ಇರಬೇಕಾದ ಆಕ್ಸಿಜನ್ ಲೆಕ್ಕ ಹಾಕಿ ರಕ್ತದಲ್ಲಿರುವುದಕ್ಕೆ ಹೋಲಿಸುವ ಸೂತ್ರಕ್ಕೆ 760 ಹಾಕಿದರೆ ಆರೋಗ್ಯವಂತ ಶ್ವಾಸಕೋಶವೂ ಕೆಟ್ಟದ್ದಾಗಿ ಕಾಣುತ್ತದೆ.

ಚಿಕಿತ್ಸೆಯಲ್ಲಿ ಎಡವುವುದು ಹೆಚ್ಚಾಗಿ ಆಕ್ಸಿಜನ್ನಿನಲ್ಲೇ. ನನ್ನ ಗುರಿ ಆಕ್ಸಿಮೀಟರಿನಲ್ಲಿ 88ರಿಂದ 92, ವೆಂಚುರಿ ಮಾಸ್ಕ್‌ನಲ್ಲಿ (ಆಕ್ಸಿಜನ್ ಪ್ರಮಾಣವನ್ನು ನಿಗದಿಯಾಗಿಡುವ ಮಾಸ್ಕ್) 24 ಅಥವಾ 28 ಶೇಕಡಾ ಆಕ್ಸಿಜನ್. ಅತಿಯಾದರೆ ಉಸಿರಾಟದ ಪ್ರಚೋದನೆ ತಗ್ಗುತ್ತದೆ ಎನ್ನುವುದಷ್ಟೇ ಕಾರಣವಲ್ಲ: ಗಾಳಿಯಾಡದ ಭಾಗಕ್ಕೂ ರಕ್ತ ಹರಿಯತೊಡಗುತ್ತದೆ, ಹಿಮೋಗ್ಲೋಬಿನ್ ತಾನು ಹಿಡಿದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ಹಾಗೆಂದು ಆಕ್ಸಿಜನ್ ಏಕಾಏಕಿ ಕಿತ್ತರೆ ಇನ್ನೂ ಅಪಾಯ. ಔಷಧವನ್ನು ಮಂಜಾಗಿಸುವ ನೆಬ್ಯುಲೈಸರನ್ನು ಆಕ್ಸಿಜನ್ನಿನಿಂದಲ್ಲ, ಗಾಳಿಯಿಂದಲೇ ನಡೆಸುತ್ತೇನೆ.

ಇಷ್ಟಾದರೂ ಪಿಎಚ್ 7.35ಕ್ಕಿಂತ ಕೆಳಗೇ ಉಳಿದು, ಡೈಆಕ್ಸೈಡ್ 45 ದಾಟಿದ್ದರೆ ಬೈಪ್ಯಾಪ್, ಅಂದರೆ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ. ಒಳಉಸಿರಿಗೆ 10ರಿಂದ 12, ಹೊರಉಸಿರಿಗೆ 4ರಿಂದ 5 ಸೆಂ.ಮೀ. ನೀರಿನಷ್ಟು ಒತ್ತಡ ಇಟ್ಟು, ರೋಗಿ ತಾಳಿದಷ್ಟು ಒಳಉಸಿರಿನ ಒತ್ತಡವನ್ನು 20ರ ಕಡೆಗೆ ಏರಿಸುತ್ತೇನೆ. ದಪ್ಪ ಮೀಸೆಯ ಅಜ್ಜಂದಿರಲ್ಲಿ ಮಾಸ್ಕ್ ಸೋರುತ್ತದೆ. ಒಂದೇ ಕೊಳವೆಯ ಯಂತ್ರಕ್ಕೆ ತೂತಿಲ್ಲದ ಮಾಸ್ಕ್ ಹಾಕಿ, ಕೊಳವೆಯಲ್ಲೂ ಹೊರಗಾಳಿಯ ತೂತು ಇಡದಿದ್ದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾರೆ. 1 ಗಂಟೆಗೆ ಮತ್ತೊಂದು ಎಬಿಜಿ. ಪಿಎಚ್ ಇಳಿಯುತ್ತಲೇ ಇದ್ದರೆ ಶ್ವಾಸನಾಳಕ್ಕೆ ಟ್ಯೂಬ್ ಹಾಕಬೇಕೇ ಎಂದು ಐಸಿಯು ಜೊತೆ ಆಗಲೇ ಮಾತಾಡಬೇಕು. ಸೋಡಿಯಂ ಬೈಕಾರ್ಬನೇಟ್ ಕೊಡುವುದಿಲ್ಲ. ಅದು ಒಡೆದು ಮತ್ತೆ ಡೈಆಕ್ಸೈಡೇ ಆಗುತ್ತದೆ, ಅದನ್ನು ಹೊರಹಾಕಬೇಕಾದ್ದು ಅದೇ ಸೋತ ಶ್ವಾಸಕೋಶ.